ಹಣೆಯ ಬೆಳಕಿಗೆ ಕೆಂಪು ಬೇಕು

ಕಬ್ಬಿಗೆ ನೀರು ಹಾಯಿಸುವವನಿಗೆ ಎರಡೂ ಕೈ ಬೇಕು. ಸಲಿಕೆಯಿಂದ ಮಣ್ಣು ಎಳೆದು ಒಂದು ಸಾಲಿನ ನೀರನ್ನು ಮುಂದಿನ ಸಾಲಿಗೆ ತಿರುವುವಾಗ ಬ್ಯಾಟರಿ ಹಿಡಿಯಲು ಕೈ ಉಳಿದಿರುವುದಿಲ್ಲ. ಬಗಲಲ್ಲಿ ಸಿಕ್ಕಿಸಿಕೊಂಡರೆ ಬೆಳಕು ಬೇಕಾದ ಕಡೆ ಬೀಳುವುದಿಲ್ಲ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದ ದಿನ ಘಟಪ್ರಭೆ, ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಬಿಳಿ ಚುಕ್ಕೆಗಳು ಓಡಾಡುವುದು ರಸ್ತೆಯಿಂದಲೇ ಕಾಣುತ್ತದೆ. ಅವೆಲ್ಲ ತಲೆಗೆ ಕಟ್ಟುವ ಬ್ಯಾಟರಿಗಳು. ಹುನಗುಂದದ ಸಂತೆಯಲ್ಲಿ, ಬಾಗಲಕೋಟೆಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಅವನ್ನು ಗೊಂಚಲು ಗೊಂಚಲಾಗಿ ತೂಗುಹಾಕಿರುತ್ತಾರೆ. ಬೈಕ್ ರಿಪೇರಿಯವರು, ಬಾದಾಮಿಯ ಬಂಡೆ ಹತ್ತುವ ಹುಡುಗರು, ಕರೆಂಟು ಹೋದಾಗ ಮಗ್ಗದ ಗುಂಡಿಯಲ್ಲಿ ಕೂತು ಕಡಿದ ಎಳೆ ಹುಡುಕುವ ನೇಕಾರರು, ಎಲ್ಲರೂ ಕೊಳ್ಳುವುದು ಇದನ್ನೇ.

ಅಗ್ಗ, ಹಗುರ, ಕೈ ಬಿಡುವು. ಈ ಮೂರರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಆ ಬೆಳಕಿನ ಬಣ್ಣದ ಬಗ್ಗೆ. ಅಂಗಡಿಯಲ್ಲಿ ನಾವು ಬೆಳಕು ಎಷ್ಟಿದೆ ಎಂದಷ್ಟೇ ಕೇಳುತ್ತೇವೆ, ಎಂಥದು ಎಂದು ಕೇಳುವುದಿಲ್ಲ. ಗೋಡೆಗೆ ಹಿಡಿದು ನೋಡಿ, ಕಣ್ಣು ಕುಕ್ಕಿದರೆ ಒಳ್ಳೆಯ ಮಾಲು ಎಂದು ಮನೆಗೆ ತರುತ್ತೇವೆ. ಹೀಗೆ ತಂದ ಹೆಚ್ಚಿನ ಬ್ಯಾಟರಿಗಳ ಬೆಳಕು ನೀಲಿ ಕಲೆತ ತಣ್ಣನೆಯ ಬಿಳಿ. ಅದರಲ್ಲಿ ಕೆಂಪು ತೀರಾ ಕಡಿಮೆ. ಕೆಂಪು ಕಲ್ಲಿನ ಬಾದಾಮಿ, ಕೆಂಪು ಸೆರಗಿನ ಇಳಕಲ್ ಇರುವ ಬಾಗಲಕೋಟೆ ಜಿಲ್ಲೆಗೆ ಇದು ಸಣ್ಣ ಕೊರತೆಯಲ್ಲ. ಅದನ್ನು ಸರಿಪಡಿಸಲು ಹೊಸ ಬ್ಯಾಟರಿಯೂ ಬೇಕಿಲ್ಲ. ಒಳಗಿನ ಕಾಳಿನಷ್ಟು ದೊಡ್ಡ ಎಲ್‌ಇಡಿಯನ್ನು ಬದಲಿಸಿದರೆ ಸಾಕು.

ಯಾಕೆ ಹೀಗೆ ಎಂದು ತಿಳಿಯಲು ಎಲ್‌ಇಡಿಯ ಒಳಗೆ ಇಣುಕಬೇಕು. ಬಿಳಿ ಎಲ್‌ಇಡಿಯ ಚಿಪ್ ನಿಜವಾಗಿ ಕೊಡುವುದು ನೀಲಿ ಬೆಳಕನ್ನು. ಕೆಂಪು, ಹಸಿರು ಎಲ್‌ಇಡಿಗಳು 1960ರ ದಶಕದಿಂದಲೇ ಬರತೊಡಗಿದ್ದರೂ ಪ್ರಖರವಾದ ನೀಲಿ ಮಾತ್ರ ದಶಕಗಳ ಕಾಲ ಯಾರ ಕೈಗೂ ಸಿಗಲಿಲ್ಲ. ಜಪಾನಿನ ನಿಚಿಯಾ ಕಂಪನಿಯಲ್ಲಿ ಕೆಲಸಕ್ಕಿದ್ದ ಶೂಜಿ ನಾಕಾಮುರಾ 1993ರಲ್ಲಿ ಅದನ್ನು ಮಾಡಿ ತೋರಿಸಿದರು. ಆ ಸಾಧನೆಗೆ ಇಸಾಮು ಅಕಾಸಾಕಿ, ಹಿರೋಶಿ ಅಮಾನೋ ಮತ್ತು ನಾಕಾಮುರಾ ಮೂವರಿಗೂ 2014ರ ಭೌತವಿಜ್ಞಾನದ ನೊಬೆಲ್ ಬಂತು. ನೀಲಿ ಸಿಕ್ಕ ಮೇಲೆ ಬಿಳಿ ದೂರವಿರಲಿಲ್ಲ. ನೀಲಿ ಚಿಪ್ಪಿನ ಮೇಲೆ ಫಾಸ್ಫರ್ ಎಂಬ ಹಳದಿ ಪುಡಿಯ ಲೇಪ ಕೊಟ್ಟರು. ಚಿಪ್ಪಿನಿಂದ ಹೊರಟ ನೀಲಿಯಲ್ಲಿ ಒಂದಷ್ಟನ್ನು ಆ ಪುಡಿ ಹೀರಿಕೊಂಡು ಹಳದಿಯಾಗಿ ಹೊರಬಿಡುತ್ತದೆ, ಉಳಿದದ್ದು ನೀಲಿಯಾಗಿಯೇ ದಾಟುತ್ತದೆ. ಎರಡೂ ಕೂಡಿದಾಗ ನಮ್ಮ ಕಣ್ಣಿಗೆ ಬಿಳಿ ಅನಿಸುತ್ತದೆ. ಎಲ್‌ಇಡಿಯ ಮೂತಿಯಲ್ಲಿ ಕಾಣುವ ಅರಿಸಿನ ಬಣ್ಣದ ಚುಕ್ಕೆ ಈ ಪುಡಿಯೇ.

ಪುಡಿ ತೆಳುವಾಗಿದ್ದರೆ ನೀಲಿ ಹೆಚ್ಚು ದಾಟಿ ಬೆಳಕು ತಣ್ಣಗಾಗುತ್ತದೆ. ಲೇಪ ದಪ್ಪವಾಗಿದ್ದು, ಕೆಂಪು ಕೊಡುವ ಇನ್ನೊಂದು ಪುಡಿಯೂ ಬೆರೆತಿದ್ದರೆ ಬೆಳಕು ಬೆಚ್ಚಗಾಗುತ್ತದೆ. ಆದರೆ ನೀಲಿಯನ್ನು ಕೆಂಪಾಗಿ ಮಾರ್ಪಡಿಸುವಾಗ ಶಕ್ತಿ ಹೆಚ್ಚು ನಷ್ಟವಾಗುತ್ತದೆ, ಮೇಲಾಗಿ ಕಡುಗೆಂಪಿಗೆ ನಮ್ಮ ಕಣ್ಣು ಅಷ್ಟು ಚುರುಕಲ್ಲ. ಹೀಗಾಗಿ ಅಷ್ಟೇ ಕರೆಂಟಿಗೆ ಬೆಚ್ಚನೆಯ ಎಲ್‌ಇಡಿಯ ಬೆಳಕು ಅಳತೆಯಲ್ಲಿ ಸ್ವಲ್ಪ ಕಡಿಮೆ ಬರುತ್ತದೆ. ಡಬ್ಬಿಯ ಮೇಲಿನ ಅಂಕಿಯನ್ನು ನೋಡಿ ಮಾರಾಟವಾಗುವ ಮಾಲಿನಲ್ಲಿ ತಣ್ಣನೆಯ ಎಲ್‌ಇಡಿಯೇ ತುಂಬಿರುವುದಕ್ಕೆ ಕಾರಣ ಇದು. ರಿಪೇರಿ ಅಂಗಡಿಯವರೊಬ್ಬರು ನನಗೆ ನೇರವಾಗಿಯೇ ಹೇಳಿದರು: “ವಾರ್ಮ್ ಕೊಟ್ರ ಮಂದ ಐತಿ ಅಂತ ವಾಪಸ್ ತರ್ತಾರ್ರೀ, ಸರ. ಹಂಗಾಗಿ ನಾವು ಇಡೂದ ಬಿಟ್ಟೇವಿ.”

ಬಣ್ಣದ ಈ ಬಿಸಿ-ತಂಪನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುವುದು ರೂಢಿ. ಕಂದೀಲಿನ ಸೊಡರು ಸುಮಾರು 1900 ಕೆಲ್ವಿನ್, ಹಳೆಯ ತಂತಿ ಬಲ್ಬು 2700, ನಡುಹಗಲ ಬಿಸಿಲು 5500ರ ಆಸುಪಾಸು. ಅಗ್ಗದ ತಲೆಬ್ಯಾಟರಿ 6500ನ್ನೂ ದಾಟಿರುತ್ತದೆ. ಅಂಕಿ ಏರಿದಷ್ಟೂ ಬೆಳಕು ನೀಲಿ. ಹಗಲ ಬಿಸಿಲೂ ಬಿಳಿಯೇ ಅಲ್ಲವೇ ಎಂದು ಕೇಳಬಹುದು. ಬಿಸಿಲಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣಗಳೂ ಎಡೆಬಿಡದೆ ತುಂಬಿವೆ. ಅಗ್ಗದ ಎಲ್‌ಇಡಿಯಲ್ಲಿ 450 ನ್ಯಾನೋಮೀಟರಿನ ಸುತ್ತ ನೀಲಿಯ ಒಂದು ಚೂಪು ಗೋಪುರ, ಆಮೇಲೆ ಒಂದು ತಗ್ಗು, ಅದರಾಚೆ ಹಳದಿಯ ದಿಬ್ಬ, ಕೆಂಪಿನ ಕಡೆಗೆ ಇಳಿಜಾರು. ಮನೆಯಲ್ಲಿ ಹಳೆಯ ಸಿ.ಡಿ. ಇದ್ದರೆ ಕತ್ತಲೆ ಕೋಣೆಯಲ್ಲಿ ಅದರ ಬೆನ್ನ ಮೇಲೆ ಬ್ಯಾಟರಿಯ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ. ಬಣ್ಣದ ಪಟ್ಟಿಯಲ್ಲಿ ನೀಲಿ ಬೇರೆಯಾಗಿ ಹೊಳೆಯುತ್ತದೆ, ಕೆಂಪಿನ ಅಂಚು ಮಸುಕಾಗಿ ಮುಗಿದುಹೋಗುತ್ತದೆ. ಬಿಸಿಲಿಗೆ ಹಿಡಿದ ಸಿ.ಡಿ.ಯಲ್ಲಿ ಕೆಂಪು ಅಗಲವಾಗಿ ಹರಡುತ್ತದೆ. (ಬಿಸಿಲಿನ ಪ್ರತಿಬಿಂಬ ನೇರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.)

ಕೆಂಪು ವಸ್ತು ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಕೆಂಪು ಬೆಳಕು ಬೀಳಲೇಬೇಕು. ಬಿದ್ದದ್ದನ್ನಷ್ಟೇ ಅದು ಮರಳಿ ಕೊಡಬಲ್ಲದು. ಬಾದಾಮಿಯ ಮರಳುಗಲ್ಲಿಗೆ ಆ ಮೈಬಣ್ಣ ಬಂದಿರುವುದು ಕಲ್ಲಿನಲ್ಲಿ ಬೆರೆತ ಕಬ್ಬಿಣದ ಆಕ್ಸೈಡಿನಿಂದ. ಅದು ನೀಲಿಯನ್ನು ಬಹುಪಾಲು ನುಂಗಿ ಕಿತ್ತಳೆ, ಕೆಂಪನ್ನು ಹೊರಚೆಲ್ಲುತ್ತದೆ. 578ರಲ್ಲಿ ಚಾಲುಕ್ಯರ ಮಂಗಲೇಶ ಪೂರ್ತಿಗೊಳಿಸಿದ ಮೂರನೆಯ ಗುಹೆಯ ಮುಂದೆ ಸಂಜೆಬಿಸಿಲಲ್ಲಿ ನಿಂತವರಿಗೆ ಆ ಕೆಂಪಿನ ಪದರಗಳು ಗೊತ್ತು. ಅದೇ ಊರಿನ ಬಂಡೆಯ ಬುಡದಲ್ಲಿ, ಹತ್ತಿ ಮುಗಿಸಿ ಕತ್ತಲಲ್ಲಿ ಹಗ್ಗ ಸುತ್ತಿಕೊಳ್ಳುವಾಗ ತಣ್ಣನೆಯ ಬ್ಯಾಟರಿ ಹಾಕಿದರೆ ಕಲ್ಲು ಬೂದಿ ಬಳಿದಂತೆ ಕಾಣುತ್ತದೆ. ಅಂದಗೆಡುವುದು ಒಂದು ಮಾತಾಯಿತು. ಅದಕ್ಕಿಂತ ದೊಡ್ಡದು, ಕಂದು ಕಂದುಗಳ ನಡುವಿನ ಭೇದ ಅಳಿಸಿಹೋಗುವುದು. ಕೆಮ್ಮಣ್ಣಿನ ಮೇಲೆ ಕಬ್ಬಿನ ಒಣ ರವದಿ, ರವದಿಯ ಪಕ್ಕದಲ್ಲಿ ಕೊಳಕುಮಂಡಲ ಹಾವು, ಮೂರೂ ಕಂದಿನ ಛಾಯೆಗಳೇ. ರಾತ್ರಿ ಹೊಲದಲ್ಲಿ ನಡೆಯುವವನಿಗೆ ಮೊದಲು ಬೇಕಾದದ್ದು ಸಾಕಷ್ಟು ಬೆಳಕು ಮತ್ತು ಕಾಲಿಗೆ ಬೂಟು. ಆ ಬೆಳಕಿನಲ್ಲಿ ಛಾಯೆಗಳು ಬೇರೆ ಬೇರೆಯಾಗಿ ಕಂಡರೆ ಕಣ್ಣಿನ ಕೆಲಸ ಹಗುರಾಗುತ್ತದೆ.

ಇಳಕಲ್ಲಿಗೆ ಬಂದರೆ ಈ ಮಾತು ಇನ್ನಷ್ಟು ತೂಕದ್ದು. ಇಳಕಲ್ ಸೀರೆಯ ಒಡಲು ಒಂದು ಬಣ್ಣ, ಸೆರಗು ಕೆಂಪು, ಅದರ ಮೇಲೆ ಬಿಳಿಯ ತೋಪು ತೆನೆಯ ಚಿತ್ತಾರ. ಒಡಲಿನ ಹಾಸು ಮುಗಿಯುವಲ್ಲಿ ಸೆರಗಿನ ಹಾಸಿನ ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಎಳೆ, ಒಂದೂ ತಪ್ಪುವಂತಿಲ್ಲ. ಮನೆಮಂದಿಯೆಲ್ಲ ಕೂತು ಮಾಡುವ ಈ ಕೆಲಸಕ್ಕೆ ಹಗಲಬೆಳಕೇ ಉತ್ತಮ ಎಂದು ಯಾವ ನೇಕಾರರ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಕುಣಿಮಗ್ಗ ಇರುವುದು ಮನೆಯ ನಡುಕೋಣೆಯಲ್ಲಿ, ನೆಲಮಟ್ಟಕ್ಕೆ. ಕಿಟಕಿ ಸಣ್ಣದು. ಕರೆಂಟು ಇದ್ದಾಗಲೂ ಮೇಲಿನ ಬಲ್ಬಿನ ಬೆಳಕಿಗೆ ನೇಕಾರರ ತಲೆಯ ನೆರಳೇ ಅಡ್ಡ. ಹಣೆಗೆ ಕಟ್ಟಿದ ಬೆಳಕು ಕಣ್ಣು ಹೋದಲ್ಲಿಗೆ ತಾನೂ ಹೋಗುತ್ತದೆ, ನೆರಳು ಬೀಳಿಸುವುದಿಲ್ಲ. ಗುಳೇದಗುಡ್ಡದ ಖಣ ನೇಯುವವರಿಗೂ ಇದು ಸಲ್ಲುತ್ತದೆ. ದಾಳಿಂಬರ ಕೆಂಪಿನ ಎರಡು ಕಂಡಿಕೆಗಳು ಬೇರೆ ಬೇರೆ ಬಾರಿ ಬಣ್ಣಕ್ಕೆ ಅದ್ದಿದ ನೂಲಾಗಿದ್ದರೆ ತಣ್ಣನೆಯ ಬೆಳಕಿನಲ್ಲಿ ಎರಡೂ ಒಂದೇ ಮಬ್ಬು ಕೆಂಪಾಗಿ ಕಾಣಬಹುದು. ನೇಯ್ದ ಸೀರೆಯನ್ನು ಅಂಗಳಕ್ಕೆ ತಂದಾಗ ಸೆರಗಿನ ನಡುವೆ ಪಟ್ಟೆ ಎದ್ದು ಕಾಣುತ್ತದೆ. ಆಮೇಲೆ ಬಿಚ್ಚಿ ಸರಿಪಡಿಸಲು ದಾರಿಯಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಬೆಚ್ಚನೆಯದೆಲ್ಲ ಒಳ್ಳೆಯದು ಎಂಬ ತಪ್ಪು ಸಲಹೆಯೂ ಚಾಲ್ತಿಯಲ್ಲಿದೆ. 2700 ಕೆಲ್ವಿನ್ನಿನ ಬೆಳಕಿನಲ್ಲಿ ನೀಲಿ ಕಡಿಮೆ. ಅದರಲ್ಲಿ ಕಡುನೀಲಿಗೂ ಚಂದ್ರಕಾಳಿ ಸೀರೆಯ ಕಪ್ಪಿಗೂ ವ್ಯತ್ಯಾಸ ಹಿಡಿಯುವುದು ಕಷ್ಟ, ಬಿಳಿಗೂ ತಿಳಿಹಳದಿಗೂ ಕಷ್ಟ. ಮಗ್ಗಕ್ಕೆ ಬೇಕಾದದ್ದು 4000 ಕೆಲ್ವಿನ್ನಿನ ಸುತ್ತಮುತ್ತ ಇರುವ, ಎಲ್ಲ ಬಣ್ಣಗಳನ್ನೂ ಹದವಾಗಿ ಕೊಡುವ ಬೆಳಕು. ಹೊಲಕ್ಕೆ, ಅಂಗಳಕ್ಕೆ, ರಾತ್ರಿಯ ನಡಿಗೆಗೆ 2700ರಿಂದ 3000. ಕೆಲ್ವಿನ್ ಅಂಕಿ ಬೆಳಕಿನ ಒಟ್ಟು ಛಾಯೆಯನ್ನಷ್ಟೇ ಹೇಳುತ್ತದೆ, ಒಳಗೆ ಯಾವ ಬಣ್ಣ ಎಷ್ಟಿದೆ ಎಂದು ಹೇಳುವುದಿಲ್ಲ. ಅದಕ್ಕೆ ಸಿ.ಆರ್.ಐ. ಎಂಬ ಬೇರೊಂದು ಅಂಕಿ ಇದೆ. ನೂರಕ್ಕೆ ಹತ್ತಿರವಿದ್ದಷ್ಟೂ ಬಣ್ಣ ನಿಜಕ್ಕೆ ಹತ್ತಿರ. ಆದರೆ ಈ ಅಂಕಿ ಲೆಕ್ಕ ಹಾಕುವುದು ಎಂಟು ತಿಳಿಬಣ್ಣಗಳ ಸರಾಸರಿಯಿಂದ. ಕಡುಗೆಂಪು ಒಂಬತ್ತನೆಯ ಮಾದರಿ, ಸರಾಸರಿಗೆ ಅದು ಸೇರುವುದೇ ಇಲ್ಲ. ಸಿ.ಆರ್.ಐ. 80 ಎಂದು ಬರೆದ ಎಲ್‌ಇಡಿಯಲ್ಲಿ ಕಡುಗೆಂಪಿನ ಅಂಕ ಸೊನ್ನೆಯ ಹತ್ತಿರ ಇರಬಹುದು. ಇಳಕಲ್ಲಿನ ಸೆರಗಿಗೆ ಬೇಕಾದದ್ದು ಆ ಒಂಬತ್ತನೆಯ ಬಣ್ಣವೇ! ಆದ್ದರಿಂದ 90ಕ್ಕಿಂತ ಮೇಲಿನದನ್ನು ಕೇಳಿ. ಅಂಗಡಿಯಲ್ಲಿ ಅಂಕಿ ಸಿಗದಿದ್ದರೆ ಒಂದು ಚಿಟಿಕೆ ಕುಂಕುಮ, ಒಂದು ಎಳೆ ಸೆರಗಿನ ನೂಲು ಒಯ್ದು ಎಲ್‌ಇಡಿಯ ಕೆಳಗೆ ನೋಡಿ, ಬಾಗಿಲಾಚೆ ಬಿಸಿಲಲ್ಲಿ ನೋಡಿ. ನಿಮ್ಮ ಅಂಗೈಯನ್ನೂ ನೋಡಿ. ಜೀವಕಳೆ ಇರುವ ಅಂಗೈ ಹೆಣದ ಕೈಯಂತೆ ಬಿಳಿಚಿ ಕಂಡರೆ ಆ ಎಲ್‌ಇಡಿ ಬೇಡ.

ಎಲ್‌ಇಡಿ ಬದಲಿಸುವ ಬದಲು ಗಾಜಿನ ಮೇಲೆ ಹಳದಿ ಹಾಳೆ ಅಂಟಿಸಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳು ರಂಗದ ದೀಪಕ್ಕೆ ಬಣ್ಣದ ಜಿಲೆಟಿನ್ ಹಾಳೆ ಕಟ್ಟುವುದನ್ನು ನಮ್ಮ ಕಡೆ ನೋಡದವರಿಲ್ಲ. ಆ ಹಾಳೆಯ ತುಂಡೊಂದು ಕಣ್ಣಿನ ಕುಕ್ಕುವಿಕೆಯನ್ನು ಖಂಡಿತ ತಗ್ಗಿಸುತ್ತದೆ, ಹುಳದ ಕಾಟವನ್ನೂ. ಆದರೆ ಹಾಳೆ ಒಂದು ಜರಡಿ. ಜರಡಿ ಇದ್ದದ್ದನ್ನು ತಡೆದೀತು, ಇಲ್ಲದ್ದನ್ನು ತಂದೀತೆ? ರಂಗದ ಮೇಲಿನ ಹಳೆಯ ತಂತಿ ದೀಪದಲ್ಲಿ ಕೆಂಪು ಧಾರಾಳವಾಗಿತ್ತು, ಹಾಳೆ ಅದನ್ನು ಆರಿಸಿ ಕಳಿಸುತ್ತಿತ್ತು. ತಣ್ಣನೆಯ ಎಲ್‌ಇಡಿಯಲ್ಲಿ ಕೆಂಪೇ ಕೊರತೆ. ಹಾಳೆ ಕಟ್ಟಿದರೆ ಬೆಳಕು ಹಳದಿಯಾಗುತ್ತದೆ, ಇನ್ನಷ್ಟು ಮಂದವಾಗುತ್ತದೆ, ಸೆರಗು ಕೆಂಪಾಗುವುದಿಲ್ಲ.

ಇನ್ನು ಕೆಲಸ. ಮೊದಲು ಸೆಲ್ ಹೊರತೆಗೆಯಿರಿ. ಚಾರ್ಜ್ ಆಗುವ ಮಾದರಿಯಲ್ಲಿ ಲಿಥಿಯಂ ಸೆಲ್ ತಂತಿಗೆ ಬೆಸೆದಿದ್ದರೆ ಒಂದು ತಂತಿ ಕತ್ತರಿಸಿ ತುದಿಗೆ ಟೇಪು ಸುತ್ತಿ. ಎರಡೂ ತಂತಿ ಒಟ್ಟಿಗೆ ಕತ್ತರಿಸಿದರೆ ಕತ್ತರಿಯಲ್ಲೇ ಶಾರ್ಟ್ ಆಗುತ್ತದೆ. ಸೆಲ್ಲಿನ ಮೈಗೆ ಬೆಸುಗೆ ಕಾವು ತಾಗಿಸಲೇಬೇಡಿ, ಬೆಂಕಿ ಹೊತ್ತೀತು. ಮುಂದಿನ ಉಂಗುರ ತಿರುಗಿಸಿ ಅಥವಾ ಸಣ್ಣ ಸ್ಕ್ರೂ ಬಿಚ್ಚಿ ಒಳಗಿನ ಬೋರ್ಡ್ ತೆಗೆದರೆ ಎರಡರಲ್ಲಿ ಒಂದು ಕಾಣುತ್ತದೆ. ಎರಡು ಕಾಲಿನ 5 ಮಿಲಿಮೀಟರ್ ಎಲ್‌ಇಡಿಗಳ ಸಾಲು, ಇಲ್ಲವೇ ಅಲ್ಯೂಮಿನಿಯಂ ತಟ್ಟೆಯ ಮೇಲೆ ಕೂತ ಒಂದೇ ದೊಡ್ಡ ಎಲ್‌ಇಡಿ.

ಬೆಚ್ಚನೆಯ ಬಿಳಿಯಲ್ಲೂ ಒಳಗಿರುವುದು ಅದೇ ನೀಲಿ ಚಿಪ್ ಎಂದೆನಲ್ಲ, ಅದರಿಂದ ನಮಗೊಂದು ದೊಡ್ಡ ಅನುಕೂಲ. ಎರಡಕ್ಕೂ ಬೇಕಾದ ವೋಲ್ಟೇಜ್ ಸುಮಾರು 3 ವೋಲ್ಟ್. ಹೀಗಾಗಿ ಹಳೆಯದನ್ನು ಕಿತ್ತ ಜಾಗದಲ್ಲೇ ಹೊಸದನ್ನು ಕೂರಿಸಬಹುದು. ಬರೀ ಕೆಂಪು ಎಲ್‌ಇಡಿ ಹಾಕಿದರೆ ಹೀಗಾಗುವುದಿಲ್ಲ. ಅದರ ಚಿಪ್ಪೇ ಬೇರೆ, ಸುಮಾರು 2 ವೋಲ್ಟಿಗೇ ಹತ್ತುತ್ತದೆ. ಬಿಳಿಯ ಜಾಗದಲ್ಲಿ ಅದನ್ನು ನೇರವಾಗಿ ಹಾಕಿದರೆ ಕ್ಷಣದಲ್ಲಿ ಸುಟ್ಟೀತು. 5 ಮಿಲಿಮೀಟರ್ ಎಲ್‌ಇಡಿಯ ಉದ್ದನೆಯ ಕಾಲು ಧನ. ಹಳೆಯದನ್ನು ಕೀಳುವ ಮುಂಚೆ ಬೋರ್ಡಿನ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಂಡರೆ ಆಮೇಲೆ ಗೊಂದಲವಿಲ್ಲ.

ಅಗ್ಗದ ಬ್ಯಾಟರಿಗಳಲ್ಲಿ ಕರೆಂಟನ್ನು ಹಿಡಿದಿಡುವ ರೆಸಿಸ್ಟರ್ ಇರುವುದೇ ಇಲ್ಲ, ಇಲ್ಲವೇ ಎಲ್ಲ ಎಲ್‌ಇಡಿಗಳಿಗೂ ಸೇರಿ ಒಂದೇ ಇರುತ್ತದೆ. ಎಲ್‌ಇಡಿಗಳು ಒಂದಕ್ಕೊಂದು ಕೂದಲೆಳೆಯಷ್ಟು ಬೇರೆಯಾಗಿದ್ದರೂ ಕಡಿಮೆ ವೋಲ್ಟೇಜಿನದು ಹೆಚ್ಚು ಕರೆಂಟು ಎಳೆದು, ಕಾದು, ಬೇಗ ಸಾಯುತ್ತದೆ. ಒಂದು ಸಾಲಿನಲ್ಲಿ ಮೊದಲು ಒಂದು ಕಣ್ಣು ಕುರುಡಾಗಿ, ಆಮೇಲೆ ಒಂದರ ಹಿಂದೊಂದು ಹೋಗುವುದನ್ನು ಎಲ್ಲರೂ ಕಂಡಿರುತ್ತೀರಿ. ಬಿಚ್ಚಿದ್ದೇ ಆಯಿತು, ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಕೊಡಿ. ಲೆಕ್ಕ ಸರಳ. ತುಂಬ ಚಾರ್ಜ್ ಆದ ಲಿಥಿಯಂ ಸೆಲ್ 4.2 ವೋಲ್ಟ್. ಎಲ್‌ಇಡಿಗೆ 3 ಹೋದರೆ ಉಳಿದದ್ದು 1.2. ಸಣ್ಣ ಎಲ್‌ಇಡಿಗೆ 20 ಮಿಲಿಆಂಪಿಯರ್ ಸಾಕು. 1.2ನ್ನು 0.02ರಿಂದ ಭಾಗಿಸಿದರೆ 60 ಓಂ. ಅಂಗಡಿಯಲ್ಲಿ ಸಿಗುವುದು 68 ಓಂ, ಅದನ್ನೇ ಹಾಕಿ. ದೊಡ್ಡ ಒಂದು ವ್ಯಾಟಿನ ಎಲ್‌ಇಡಿ 350 ಮಿಲಿಆಂಪಿಯರ್ ತಡೆಯುತ್ತದೆಯಾದರೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾವು ಹೊರಗೆ ಹೋಗಲು ಹಾದಿಯಿಲ್ಲ. 5.6 ಓಂ ಇಟ್ಟು ಸುಮಾರು 200 ಮಿಲಿಆಂಪಿಯರಿಗೆ ನಿಲ್ಲಿಸುವುದು ನನ್ನ ಸಲಹೆ. ಈ ರೆಸಿಸ್ಟರ್ ಅರ್ಧ ವ್ಯಾಟಿನದಿರಲಿ, ಸಣ್ಣದು ಕಾದೀತು. ತಟ್ಟೆಯ ಬೆನ್ನಿಗೆ ಕಾವು ಹರಿಸುವ ಪೇಸ್ಟ್ ತೆಳುವಾಗಿ ಹಚ್ಚಿ ಕೂರಿಸಿದರೆ ಎಲ್‌ಇಡಿಯ ಆಯುಷ್ಯ ಹೆಚ್ಚುತ್ತದೆ. ಕರೆಂಟು ಇಳಿಸಿದ್ದರಿಂದ ಬೆಳಕು ತುಸು ಕಡಿಮೆಯಾಗುತ್ತದೆ, ಸೆಲ್ ಮಾತ್ರ ಹೆಚ್ಚು ಹೊತ್ತು ಬಾಳುತ್ತದೆ. ರಾತ್ರಿಯಿಡೀ ನೀರು ತಿರುವುವವನಿಗೆ ಇದು ಲಾಭದ ವ್ಯಾಪಾರ.

ಬೆಳಕಿನ ಹರಹನ್ನೂ ಇದೇ ಸಮಯದಲ್ಲಿ ಸರಿಪಡಿಸಬಹುದು. 5 ಮಿಲಿಮೀಟರ್ ಎಲ್‌ಇಡಿಯ ಗುಂಡು ತಲೆ ಬೆಳಕನ್ನು ಕಿರಿದಾದ ಕಂಬವಾಗಿ ಎಸೆಯುತ್ತದೆ. ದೂರದ ಬಾಂದು ನೋಡಲು ಅದು ಸರಿ, ಒಂದು ಮೊಳ ದೂರದ ಮಗ್ಗಕ್ಕೆ ನಡುವೆ ಕುಕ್ಕು, ಸುತ್ತ ಕತ್ತಲು. ನುಣುಪಾದ ಸ್ಯಾಂಡ್ ಪೇಪರಿನಿಂದ ಆ ತಲೆಯನ್ನು ಹಗುರಾಗಿ ಉಜ್ಜಿ ಮಸುಕು ಮಾಡಿದರೆ ಬೆಳಕು ಹರಡಿ ಮೆತ್ತಗೆ ಬೀಳುತ್ತದೆ. ಈ ಕೆಲಸವನ್ನೆಲ್ಲ ಸ್ವತಃ ಮಾಡಲು ಹಿಂಜರಿಕೆ ಇದ್ದರೆ ಮೊಬೈಲ್ ರಿಪೇರಿಯ ಹುಡುಗರು ಅಲ್ಪ ಸಮಯದಲ್ಲಿ ಮಾಡಿಕೊಡಬಲ್ಲರು. ಅವರು ದಿನವೂ ಮುಟ್ಟುವ ಬೆಸುಗೆ ಇದಕ್ಕಿಂತ ಎಷ್ಟೋ ಸೂಕ್ಷ್ಮ.

ಮಾಡಿದ ಮೇಲೆ ಮೊದಲು ತಿಳಿಯುವುದು ಎದುರಿಗಿದ್ದವರಿಗೆ. ಮಾತಾಡಲು ಮುಖ ಎತ್ತಿದೊಡನೆ ಅವರು ಕೈ ಅಡ್ಡ ಹಿಡಿಯುವುದು ಕಡಿಮೆಯಾಗುತ್ತದೆ. ಅಷ್ಟೇ ಬೆಳಕಿದ್ದರೂ ನೀಲಿ ಹೆಚ್ಚಿದ್ದರೆ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಮಂದ ಬೆಳಕಿನಲ್ಲಿ ಮನುಷ್ಯರಿಗೆ ಬೆಚ್ಚನೆಯ ಬಣ್ಣ ಹಿತ, ಪ್ರಖರ ಬೆಳಕಿನಲ್ಲಿ ತಣ್ಣನೆಯದು ಹಿತ ಎಂದು ಕ್ರೂಟಾಫ್ ಎಂಬ ಡಚ್ ವಿಜ್ಞಾನಿ 1941ರಲ್ಲೇ ಬರೆದಿದ್ದರು. ಅವರು ಎಳೆದ ಗೆರೆಗಳನ್ನು ಆಮೇಲಿನವರು ಪ್ರಶ್ನಿಸಿದ್ದಾರೆ, ಆದರೂ ಕಂದೀಲಿನ ಪಕ್ಕ ಕೂತು ಉಂಡ ತಲೆಮಾರಿಗೆ ಆ ಮಾತಿನ ತಿರುಳು ಒಪ್ಪಿಗೆಯಾದೀತು. ನಿದ್ದೆಯ ವಿಷಯ ಇನ್ನೂ ಗಟ್ಟಿ. ನಮ್ಮ ಅಕ್ಷಿಪಟಲದಲ್ಲಿ ಹಗಲು-ರಾತ್ರಿಯನ್ನು ದೇಹಕ್ಕೆ ತಿಳಿಸುವ ಪ್ರತ್ಯೇಕ ಜೀವಕೋಶಗಳಿವೆ. ಅವು ಹೆಚ್ಚು ಸ್ಪಂದಿಸುವುದು 480 ನ್ಯಾನೋಮೀಟರಿನ ಸುತ್ತಲ ನೀಲಿಗೆ. ನಡುರಾತ್ರಿ ಎರಡು ತಾಸು ನೀರು ಬಿಟ್ಟು ಬಂದು ಬೆಳಗಿನ ಜಾವ ಒಂದಿಷ್ಟು ಕಣ್ಣು ಮುಚ್ಚಬೇಕೆನ್ನುವವನಿಗೆ ನೀಲಿ ಕಡಿಮೆಯಿದ್ದಷ್ಟೂ ಒಳ್ಳೆಯದು.

ಹುಳುಗಳ ಕತೆಯೂ ಹೀಗೆಯೇ. ಮಳೆಗಾಲದಲ್ಲಿ ತಲೆಬ್ಯಾಟರಿ ಹಾಕಿದವನ ಕಣ್ಣು, ಮೂಗು, ಬಾಯಿಗೆ ಹುಳ ಮುತ್ತುತ್ತವೆ, ದೀಪ ಇರುವುದೇ ಮುಖದ ಮೇಲೆ. ಹಾರುವ ಹುಳುಗಳನ್ನು ಅತಿನೇರಳೆ ಮತ್ತು ನೀಲಿ ಬೆಳಕು ಸೆಳೆದಷ್ಟು ಹಳದಿ, ಕೆಂಪು ಸೆಳೆಯುವುದಿಲ್ಲ. ಬೆಚ್ಚನೆಯ ಎಲ್‌ಇಡಿಯ ಸುತ್ತ ಹುಳ ಪೂರ್ತಿ ನಿಲ್ಲದಿದ್ದರೂ ಕಣ್ಣಿಗೆ ಗೊತ್ತಾಗುವಷ್ಟು ಇಳಿಯುತ್ತವೆ. ಕೀಟ ಹಿಡಿಯಲು ಹೊಲದಲ್ಲಿ ಇಡುವ ದೀಪದ ಬಲೆಗೆ ಅತಿನೇರಳೆ, ನೀಲಿ ದೀಪ ಬಳಸುವುದು ಇದೇ ಕಾರಣಕ್ಕೆ. ಹಾಗಾಗಿ ಕಿತ್ತು ತೆಗೆದ ತಣ್ಣನೆಯ ಎಲ್‌ಇಡಿಗಳನ್ನು ಎಸೆಯಬೇಡಿ. ಹಳೆಯ ಸೆಲ್ ಒಂದಕ್ಕೆ ರೆಸಿಸ್ಟರ್ ಸಮೇತ ಜೋಡಿಸಿ, ಹೊಲದ ಅಂಚಿನಲ್ಲಿ ಸಾಬೂನು ನೀರು ತುಂಬಿದ ಅಗಲ ಬೋಗುಣಿಯ ಮೇಲೆ ಒಂದು ಗೇಣು ಎತ್ತರಕ್ಕೆ ತೂಗುಹಾಕಿ. ಸಂಜೆ ಏಳರಿಂದ ಹತ್ತರವರೆಗೆ ಉರಿಸಿದರೆ ಸಾಕು. ಬೆಳಗ್ಗೆ ನೀರಿನಲ್ಲಿ ತೇಲುವ ಪತಂಗಗಳನ್ನು ನೋಡಿದರೆ ಹೊಲಕ್ಕೆ ಯಾವ ಕೀಟ ಬರತೊಡಗಿದೆ ಎಂಬ ಸುಳಿವು ಸಿಗುತ್ತದೆ. ಒಳ್ಳೆಯ ಹುಳಗಳೂ ಬಂದು ಬೀಳುವುದರಿಂದ ಅದನ್ನು ರಾತ್ರಿಯಿಡೀ ಉರಿಯಬಿಡುವುದು ಬೇಡ.